ಕೂತಲ್ಲೇ ಇಪ್ಪತ್ತೆರಡು ಸಾವಿರ ಹೆಜ್ಜೆ

ಮೂರೇ ಮೂರು ತಿಂಗಳಲ್ಲಿ ನನ್ನ ಲಿವರನ್ನು ಲಕಲಕ ಮಾಡಿ ತೋರಿಸುತ್ತೇನೆಂದು ನಾನು ಡಾಕ್ಟರಮ್ಮನ ಎದುರು ಎದೆ ತಟ್ಟಿಕೊಂಡು ಹೇಳಿದ್ದೆ. ಎದೆ ತಟ್ಟಲು ಹೋದ ಕೈ ಹೊಟ್ಟೆಗೆ ತಾಗಿತ್ತು, ಅದು ಬೇರೆ ವಿಷಯ.

ನಾನು ದರ್ಜಿ. ಇಪ್ಪತ್ತಾರು ವರ್ಷದಿಂದ ಕಾಲಲ್ಲಿ ತುಳಿಯುವ ಹೊಲಿಗೆ ಮಷೀನಿನ ಮುಂದೆ ಕೂತವನು. ಬೀದಿಯವರ ಸೊಂಟದ ಅಳತೆಯೆಲ್ಲ ನನಗೆ ಬಾಯಿಪಾಠ, ನನ್ನದೊಂದನ್ನು ಬಿಟ್ಟು! ಒಂದು ತೊಟ್ಟೂ ಕುಡಿಯದ ನನ್ನ ಲಿವರಿನಲ್ಲಿ ಕೊಬ್ಬು ತುಂಬಿದೆಯೆಂದು ಸ್ಕ್ಯಾನಿನಲ್ಲಿ ಬಂದಾಗ ಡಾಕ್ಟರಮ್ಮ ಸುತ್ತಿ ಬಳಸಿ ಮಾತಾಡಲಿಲ್ಲ. ಈಗಿನ್ನೂ ಮೊದಲ ಹಂತ, ಹೀಗೇ ಕೂತಿದ್ದರೆ ಊದಿಕೊಳ್ಳುತ್ತದೆ, ಆಮೇಲೆ ಗಟ್ಟಿಯಾಗುತ್ತದೆ, ಗಟ್ಟಿಯಾದದ್ದನ್ನು ಸರಿಮಾಡುವುದು ಬಲು ಕಷ್ಟ ಎಂದರು. ತೂಕ ಅಷ್ಟಾಗಿ ಇಳಿಯದಿದ್ದರೂ ನಡೆಯುವವರ ಲಿವರಿನ ಕೊಬ್ಬು ಕರಗುತ್ತದೆ, ದಿನಕ್ಕೆ ಎಂಟು ಸಾವಿರ ಹೆಜ್ಜೆ ಹಾಕಿ, ಸಿಹಿ ಬಿಟ್ಟು ತರಕಾರಿ ಜಾಸ್ತಿ ತಿನ್ನಿ, ಮೂರು ತಿಂಗಳು ಬಿಟ್ಟು ಬನ್ನಿ ಎಂದರು. ಪಕ್ಕದಲ್ಲಿದ್ದ ಹೆಂಡತಿಯ ಮುಖ ಬಿಳಿಚಿಕೊಂಡಿತು. ಅವಳ ಅಪ್ಪ ತೀರಿಕೊಂಡಿದ್ದೂ ಲಿವರಿನಿಂದಲೇ.

ಮಗಳು ಹೆಜ್ಜೆ ಎಣಿಸುವ ಪಟ್ಟಿಯೊಂದನ್ನು ತಂದು ನನ್ನ ಕೈಗೆ ಕಟ್ಟಿದಳು. ಮೊದಲ ದಿನ ಬೆವರು ಸುರಿಸಿಕೊಂಡು ಬಂದು ನೋಡಿದರೆ ಎರಡು ಸಾವಿರದ ನೂರು. ಎರಡನೆಯ ದಿನ ಬೆನ್ನು ಹಿಡಿದುಕೊಂಡಿತು, ಸಾವಿರದ ಮುನ್ನೂರು. ಮೂರನೆಯ ದಿನ ಅಂಗಡಿಗೆ ಶಾಲೆಯ ಯೂನಿಫಾರ್ಮುಗಳ ರಾಶಿ ಬಂದು ಬಿತ್ತು. ಕೈಯಲ್ಲಿದ್ದ ಪಟ್ಟಿ ಬಟ್ಟೆಗೆ ಸಿಕ್ಕಿಕೊಂಡು ರೇಗಿಸುತ್ತಿತ್ತು. ಬಿಚ್ಚಿ ಕಣಕಾಲಿಗೆ ಕಟ್ಟಿಕೊಂಡೆ. ಸಂಜೆ ನೋಡುತ್ತೇನೆ, ಇಪ್ಪತ್ತೆರಡು ಸಾವಿರ! ಇಡೀ ದಿನದಲ್ಲಿ ನಾನು ಕುರ್ಚಿ ಬಿಟ್ಟು ಎದ್ದಿದ್ದೇ ಎರಡು ಸಲ. ಮಷೀನು ತುಳಿದದ್ದನ್ನೆಲ್ಲ ಆ ಪುಣ್ಯಾತ್ಮ ಪಟ್ಟಿ ನಡಿಗೆಯೆಂದು ಎಣಿಸಿಬಿಟ್ಟಿತ್ತು.

ಇದ್ದದ್ದನ್ನು ಇದ್ದ ಹಾಗೆ ಹೇಳಬೇಕಿತ್ತು. ಆದರೆ ಅಂಕಿ ನೋಡಿದ ಹೆಂಡತಿಯ ಕಣ್ಣಲ್ಲಿ ನೀರು ಬಂದಿತ್ತು. ಇಷ್ಟೊಂದು ಯಾವಾಗ ನಡೆದಿರಿ ಎಂದು ಕೇಳಿದಳು. ಕೆಲಸದ ಮಧ್ಯೆ ಮಧ್ಯೆ ಎಂದೆ. ಕಾಲು ಆಡಿದರೆ ಆಯಿತಲ್ಲ, ನೆಲದ ಮೇಲೆ ಆಡಿದರೇನು, ಮಷೀನಿನ ಮೇಲೆ ಆಡಿದರೇನು ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಸಂಜೆಯ ನಡಿಗೆಗೆ ಅವತ್ತೇ ಎಳ್ಳುನೀರು ಬಿಟ್ಟೆ, ಪಟ್ಟಿಗೆ ಕಣಕಾಲೇ ಕಾಯಂ ಜಾಗವಾಯಿತು.

ಅಲ್ಲಿಂದ ಶುರುವಾಯಿತು ನೋಡಿ ನನ್ನ ಗ್ರಹಚಾರ! ಅಷ್ಟು ನಡೆಯುವ ಗಂಡಸು ಬರೀ ತರಕಾರಿ ತಿಂದರೆ ಬಿದ್ದುಹೋಗುತ್ತಾನೆಂದು ಹೆಂಡತಿ ನನ್ನ ಪಥ್ಯ ರದ್ದು ಮಾಡಿದಳು. ತಟ್ಟೆ ದೊಡ್ಡದಾಯಿತು, ಊಟದ ಮೇಲೆ ಕೇಕು ಬಂತು. ಮಗಳು ತನ್ನ ಆಫೀಸಿನವರು ಮನೆಮಂದಿಗಾಗಿ ನಡೆಸಿದ ನಡಿಗೆ ಸ್ಪರ್ಧೆಗೆ ನನ್ನ ಅಂಕಿ ಕಳಿಸಿದಳು. ಮೊದಲ ಸ್ಥಾನ! ಆ ಪ್ರಶಸ್ತಿ ಪತ್ರಕ್ಕೆ ಹೆಂಡತಿ ಕಟ್ಟು ಹಾಕಿಸಿ ಅಂಗಡಿಯ ಗೋಡೆಗೆ ನೇತುಹಾಕಿದಳು. ಅದನ್ನು ನೋಡಿ ಇದೇ ಕಾಯಿಲೆಯ ನಾಲ್ಕಾರು ಗಿರಾಕಿಗಳು ಸಲಹೆ ಕೇಳಲು ಬಂದರು. ನಾನು ಕೂತಲ್ಲಿಂದ ಏಳದೆ, ಮನಸ್ಸಿದ್ದರೆ ಎಲ್ಲ ಆಗುತ್ತದೆಂದು ಅವರಿಗೆ ಉಪದೇಶ ಮಾಡಿದೆ. ಪಾಪ, ಅವರು ನಂಬಿ ದಿನಾ ನಿಜವಾಗಿ ನಡೆದರು. ಸೊಂಟ ಇಳಿದ ಒಬ್ಬರ ಪ್ಯಾಂಟನ್ನು ಎರಡಿಂಚು ಹಿಡಿದು ಚಿಕ್ಕದು ಮಾಡಿಕೊಟ್ಟವನೂ ನಾನೇ. ನನ್ನ ಪ್ಯಾಂಟಿನ ಸೊಂಟವನ್ನು ಮಾತ್ರ ಎರಡು ಸಲ ಬಿಚ್ಚಿ ಅಗಲ ಮಾಡಿಕೊಂಡೆ. ಒಳಗೆ ಏನು ನಡೆಯುತ್ತಿದೆಯೆಂದು ನನಗೆ ಗೊತ್ತಿತ್ತು, ಹೇಳಲು ಬಾಯಿ ಬರಲಿಲ್ಲ.

ಮೂರು ತಿಂಗಳ ಮೇಲೆ ಮತ್ತೆ ಸ್ಕ್ಯಾನು. ಕೊಬ್ಬು ಎರಡನೆಯ ಹಂತಕ್ಕೆ ಏರಿತ್ತು. ಡಾಕ್ಟರಮ್ಮ ವರದಿ ನೋಡಿದರು, ಪಟ್ಟಿಯ ಲೆಕ್ಕ ನೋಡಿದರು, ನನ್ನ ಮುಖ ನೋಡಿದರು.

"ದಿನಕ್ಕೆ ಇಪ್ಪತ್ತೆರಡು ಸಾವಿರ ನಡೆದೂ ಜಾಸ್ತಿ ಆಗಿದೆ ಅಂದ್ರೆ ಬೇರೆ ಏನೋ ದೊಡ್ಡದಿರಬೇಕು. ಹೊಟ್ಟೆಗೆ ಸೂಜಿ ಹಾಕಿ ಲಿವರಿನ ಚೂರು ತೆಗೆದು ನೋಡೋಣ."

ಜೀವಮಾನವಿಡೀ ಬಟ್ಟೆಗೆ ಸೂಜಿ ಚುಚ್ಚಿದ ನಾನು ಎರಡೂ ಕೈಯಿಂದ ಹೊಟ್ಟೆ ಮುಚ್ಚಿಕೊಂಡೆ. ಬಾಯಿ ತೆರೆಯುವಷ್ಟರಲ್ಲಿ ಹೆಂಡತಿ ಮೇಜಿನ ಅಂಚು ಹಿಡಿದುಕೊಂಡು ಎದ್ದು ನಿಂತಳು.

"ನನ್ನ ಲಿವರಲ್ಲಿ ಅರ್ಧ ತಗೊಳ್ಳಿ ಡಾಕ್ಟ್ರೇ. ಇವರು ಎಷ್ಟು ಕಷ್ಟಪಟ್ಟು ನಡೆದಿದ್ದಾರೆ ಅಂತ ನಾನು ದಿನಾ ಪಟ್ಟಿಯಲ್ಲಿ ಕಣ್ಣಾರೆ ನೋಡಿದ್ದೀನಿ."

ಇನ್ನು ತಡೆಯಲಾಗಲಿಲ್ಲ. ಪಟ್ಟಿ, ಕಣಕಾಲು, ಮಷೀನು, ಎಲ್ಲವನ್ನೂ ಒಂದೇ ಉಸಿರಿಗೆ ಕಕ್ಕಿಬಿಟ್ಟೆ. ಡಾಕ್ಟರಮ್ಮ ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು, ನಗುವಿಗೋ ಅಳುವಿಗೋ ತಿಳಿಯಲಿಲ್ಲ. ಸದ್ಯಕ್ಕೆ ಸೂಜಿ ಬೇಡ, ಇನ್ನಾದರೂ ನೆಲದ ಮೇಲೆ ನಡೆಯಿರಿ, ಇನ್ನೂ ಕಾಲ ಮಿಂಚಿಲ್ಲ ಎಂದರು.

ಹೆಂಡತಿ ಸರಕ್ಕನೆ ತಿರುಗಿ ಹೊರಗೆ ನಡೆದಳು. ನಾನು ಹಿಂದೆ ಓಡಿದೆ. ಬಸ್ ನಿಲ್ದಾಣ ಬಂತು, ಅವಳು ನಿಲ್ಲಲಿಲ್ಲ. ಮುಂದಿನ ನಿಲ್ದಾಣದಲ್ಲೂ ನಿಲ್ಲಲಿಲ್ಲ. ಮನೆ ಇನ್ನೂ ನಾಲ್ಕು ಕಿಲೋಮೀಟರು! ತಪ್ಪಾಯಿತು ಕಣೇ, ನಿಲ್ಲೇ, ಬೇಕಾದರೆ ಇಲ್ಲೇ ನಾಲ್ಕು ಬಾರಿಸಿಬಿಡು ಎಂದು ಏದುಸಿರು ಬಿಡುತ್ತ ಗೋಗರೆದೆ. ನಾನು ಹತ್ತಿರ ಬಂದಷ್ಟೂ ಅವಳು ಬಿರುಸಾದಳು. ಸೇತುವೆಯ ಮೇಲೆ ಒಮ್ಮೆ ಸೆರಗಿನಿಂದ ಕಣ್ಣೊರೆಸಿಕೊಂಡದ್ದು ಹಿಂದಿನಿಂದಲೇ ಕಾಣಿಸಿತು. ನನಗೂ ಅಳು ಬಂತು, ಅಳುವುದಕ್ಕೆ ಉಸಿರು ಸಾಲಲಿಲ್ಲ. ಅಂಗಿ ಬೆವರಿನಲ್ಲಿ ತೊಯ್ದು ಮೈಗೆ ಅಂಟಿಕೊಂಡಿತ್ತು.

ಮನೆಯ ಬಾಗಿಲಲ್ಲಿ ಗೋಡೆ ಹಿಡಿದು ನಿಂತೆ. ಅವಳು ಬೀಗ ತೆಗೆದು ತಿರುಗಿ, ನನ್ನನ್ನು ಮೇಲಿಂದ ಕೆಳಗೆ ನೋಡಿದಳು.

"ನಾಳೆಯಿಂದ ದಿನಾ ಬೆಳಿಗ್ಗೆ ಹೀಗೇ ಸಿಟ್ಟು ಮಾಡ್ಕೊಂಡು ಹೊರಡ್ತೀನಿ. ಸಮಾಧಾನ ಮಾಡೋಕೆ ಹಿಂದೆ ಬನ್ನಿ."