ಹಪ್ಪಳದ ಮಣೆಯ ಮೇಲೊಂದು ಕೊಲೆ

ದೇವರು ನನಗೆ ನಾಲಿಗೆ ಕೊಡುವಾಗ ಧಾರಾಳವಾಗಿ ಕೊಟ್ಟು, ಕೈ ಕೊಡುವಾಗ ಜಿಪುಣತನ ಮಾಡಿದನಂತೆ. ಇದು ನಮ್ಮ ಯಜಮಾನರ ಸಂಶೋಧನೆ. ಅವರ ಯಾವ ಮಾತನ್ನೂ ನಾನು ಸುಲಭಕ್ಕೆ ಒಪ್ಪುವವಳಲ್ಲ. ಹಪ್ಪಳದ ವಿಷಯದಲ್ಲಿ ಮಾತ್ರ ತೆಪ್ಪಗಿರುತ್ತಿದ್ದೆ. ಆಗೆಲ್ಲ ನಾನು ಒತ್ತಿದ ಹಪ್ಪಳ ಒಂದೂ ದುಂಡಗೆ ಬರುತ್ತಿರಲಿಲ್ಲ. ಏಕೀಕರಣಕ್ಕೆ ಮುಂಚೆ ಅದು ಹಳೇ ಮೈಸೂರು ಸಂಸ್ಥಾನದ ನಕ್ಷೆಯ ಹಾಗಿರುತ್ತಿತ್ತು. ಆಮೇಲೆ ಬೀದರ್, ಕಾರವಾರಗಳೂ ಬಂದು ಸೇರಿಕೊಂಡವು.

ಆಗ ಜಯನಗರದ ನಮ್ಮ ಬ್ಲಾಕಿನಲ್ಲಿ ಮನೆಗಳಿಗಿಂತ ಖಾಲಿ ಸೈಟುಗಳೇ ಹೆಚ್ಚು. ಬೇಸಿಗೆ ಬಂತೆಂದರೆ ಮೂರು ಮನೆಯ ಹೆಂಗಸರು ಸರದಿಯಂತೆ ಒಬ್ಬೊಬ್ಬರ ಮನೆಯಲ್ಲಿ ಸೇರಿ ಉದ್ದಿನ ಹಪ್ಪಳ ಒತ್ತುತ್ತಿದ್ದೆವು. (ಮಡಿ ಮೈಲಿಗೆಯ ಪ್ರಶ್ನೆ ಹಪ್ಪಳಕ್ಕೆ ಅನ್ವಯಿಸುವುದಿಲ್ಲವೆಂದು ನಾವೇ ನಿರ್ಣಯ ಮಾಡಿಕೊಂಡಿದ್ದೆವು.) ನಮ್ಮ ಪೈಕಿ ಹಿರಿಯರಾದ ನೀಲಗಂಗಮ್ಮನವರದು ಒಂದು ಕಾನೂನು: ಒಬ್ಬರು ಸಿನಿಮಾ ಕಥೆ ಹೇಳಬೇಕು, ಹೇಳುವವರಿಗೆ ಲಟ್ಟಣಿಗೆ ಮಾಫಿ. ಮೂರು ಬೇಸಿಗೆ ಆ ಸಿಂಹಾಸನದಲ್ಲಿ ನಾನೇ ಚಕ್ರವರ್ತಿನಿ. ಗೋಡೆಗೆ ಒರಗಿ, ಕಾಲು ಚಾಚಿ, ಹಪ್ಪಳದ ಹಸಿ ಹಿಟ್ಟು ಬಾಯಿಗೆ ಹಾಕಿಕೊಳ್ಳುತ್ತಾ ರಾಜ್ಯಭಾರ ಮಾಡಿದೆ.

ಅಷ್ಟರಲ್ಲಿ ಎದುರು ಮನೆಗೆ ಚೂಡಾಮಣಿ ಬಂದರು. ಅವರ ಗಂಡನಿಗೆ ಸ್ಕೂಟರಿತ್ತು. ಸ್ಕೂಟರಿದ್ದ ಮೇಲೆ ದಂಡು ಪ್ರದೇಶದ ಟಾಕೀಸುಗಳ ಇಂಗ್ಲಿಷ್ ಪಿಕ್ಚರು, ಇಂಗ್ಲಿಷ್ ಪಿಕ್ಚರಾದ ಮೇಲೆ ಕಥೆ. ನನ್ನ ಸಿಂಹಾಸನ ಹೋಯಿತು; ಲಟ್ಟಣಿಗೆ ಕೈಗೆ ಬಂತು. ಎಷ್ಟು ಸಂಕಟವಾಯಿತೆಂದರೆ ಆ ವಾರ ನಮ್ಮ ಮನೆಯಲ್ಲಿ ಸಾರಿಗೆ ಉಪ್ಪೇ ಬೀಳಲಿಲ್ಲ.

ನಮ್ಮ ಗುಂಪಿನ ಅಲಮೇಲು ಮನೆಯ ಸರದಿಯ ದಿನ ಚೂಡಾಮಣಿ ಒಂದು ಭಯಂಕರ ಪಿಕ್ಚರಿನ ಕಥೆ ತೆಗೆದರು. ಯಾವುದೋ ಶೀಮೆಯ ಕಲ್ಲಿನ ಬಂಗಲೆ, ಅದರಲ್ಲೊಬ್ಬ ದೊರೆ, ಅವನ ಕೈಯಲ್ಲಿ ಕತ್ತಿ. ಮೊದಲ ಕೊಲೆಗೆ ನಾವೆಲ್ಲ "ಅಯ್ಯೋ" ಅಂದೆವು. ಹತ್ತನೆಯದಕ್ಕೆ ಅಲಮೇಲು ಆಕಳಿಸಿದರು. ಇಪ್ಪತ್ತು ದಾಟುವಷ್ಟರಲ್ಲಿ ಅವರ ಹಣೆ ಮಣೆಯ ಮೇಲಿತ್ತು. ಮೂವತ್ತನೇ ತಲೆ ಉರುಳಿದಾಗ ನೀಲಗಂಗಮ್ಮನವರು ಕೇಳಿದ್ದು ಒಂದೇ ಪ್ರಶ್ನೆ: "ಅಲ್ವೇ, ಅಷ್ಟು ಜನ ಸತ್ರಲ್ಲ, ತಿಥಿಗಿಥಿ ಯಾರು ಮಾಡಿದ್ರು?"

ನಾನು ನಕ್ಕುಬಿಟ್ಟೆ. ಚೂಡಾಮಣಿಗೆ ಕೋಪ ಬಂತು.

"ನಗೋದು ಸುಲಭ ಕಣ್ರೀ ಶಾಂತಮ್ಮ. ನೀವೇ ಹೇಳಿ ನೋಡೋಣ."

"ಹೇಳ್ತೀನಿ. ಇದೇ ಪಿಕ್ಚರ್ನ ನಾಡಿದ್ದು ನಮ್ಮನೇಲಿ ಹೇಳ್ತೀನಿ."

"ನೀವು ನೋಡೇ ಇಲ್ವಲ್ರೀ!"

"ಅದೇ ಅನುಕೂಲ."

ನೀಲಗಂಗಮ್ಮನವರು ತೀರ್ಪು ಕೊಟ್ಟರು. "ಯಾರ ಕಥೆಗೆ ಭಯ ಆಗತ್ತೋ, ಈ ಬೇಸಿಗೆ ಪೂರ್ತಿ ಅವರಿಗೆ ಲಟ್ಟಣಿಗೆ ಇಲ್ಲ."

ಮನೆಗೆ ಬಂದು ಯಜಮಾನರಿಗೆ ಈ ಧರ್ಮಯುದ್ಧದ ವಿಚಾರ ತಿಳಿಸಿದೆ. ಅವರು ಪೇಪರಿನಿಂದ ತಲೆ ಎತ್ತಲಿಲ್ಲ. "ಅವಳು ಮೂವತ್ತು ಕೊಂದ್ರೆ ನೀನು ಅರವತ್ತು ಕೊಲ್ಲು. ಅಷ್ಟೇ ತಾನೆ?"

"ಮೂವತ್ತು ಜನ ಸತ್ರೆ ಅದು ಜನಗಣತಿ ಕಣ್ರೀ. ಒಬ್ಬರು ಸತ್ರೆ ಅದು ನಮ್ಮನೆ ವಿಷಯ. ನಾನು ಒಂದೇ ಕೊಲೆ ಮಾಡೋದು."

"ಯಾರನ್ನ?"

ನಾನು ಸುಮ್ಮನೆ ಅವರ ಮುಖ ನೋಡಿದೆ. ಅವರು ಪೇಪರನ್ನು ಇನ್ನೂ ಸ್ವಲ್ಪ ಮೇಲಕ್ಕೆ ಹಿಡಿದುಕೊಂಡರು.

"ಇರ್ಲಿ, ನಿಮಗಿನ್ನೂ ಕೆಲಸ ಇದೆ. ಗೇಟಿನ ಕೀಲು ಒಂದು ವರ್ಷದಿಂದ ಕಿರ್ರೋ ಅಂತಿದೆ. ಎಣ್ಣೆ ಹಾಕಿ."

"ಭಾನುವಾರ ಹಾಕ್ತೀನಿ." (ಯಾವ ಭಾನುವಾರ ಎಂದು ಅವರು ಎಂದೂ ಹೇಳಿದವರಲ್ಲ.)

ನಮ್ಮ ಮನೆಯ ಸರದಿ ಬಂತು. ದೊಡ್ಡ ಬೇಸಿನ್ನು ತುಂಬ ಹಿಟ್ಟು ಕುಟ್ಟಿ ಮಿದಿಸಿಟ್ಟಿದ್ದೆ. ಮೂವರೂ ಮಣೆ ಹಾಕಿಕೊಂಡು ಕೂತರು. ನಾನು ಗೋಡೆಗೆ ಒರಗಿದೆ.

ದೊರೆಯನ್ನು ನಾನು ಶೀಮೆಗೆ ವಾಪಸ್ಸು ಕಳಿಸಿಬಿಟ್ಟಿದ್ದೆ. ಬಂಗಲೆಯ ಬದಲು ನಮ್ಮಂಥದೇ ಒಂದು ಮನೆ, ಕೆಂಪು ನೆಲ. ಕತ್ತಿಯ ಬದಲು ಹಿತ್ತಿಲ ಒರಳುಕಲ್ಲಿನ ಗುಂಡು. ದೊರೆಯ ಬದಲು ಅತ್ತೆ. ಅಷ್ಟು ಹೇಳಿದ್ದೇ ತಡ, ಅಲಮೇಲು ಕೈ ನಿಂತಿತು. ಅವರ ಅತ್ತೆ ಮುಂದಿನ ವಾರ ಮೇಲುಕೋಟೆಯಿಂದ ಬರುವವರಿದ್ದರು.

ಆತುರಪಡಲಿಲ್ಲ. ಆ ಮನೆಯ ಸೊಸೆಯ ಗುಣ, ಅವಳು ಮುಡಿಯುತ್ತಿದ್ದ ಕನಕಾಂಬರ, ಅವಳ ಕೈಯ ಚಟ್ನಿಯ ರುಚಿ, ಎಲ್ಲ ಹೇಳಿ ಮೂವರನ್ನೂ ಚೆನ್ನಾಗಿ ನಗಿಸಿದೆ. ಅವಳು ಅವರಿಗೆ ಮಗಳಂತಾದ ಮೇಲೆ ಒಂದು ಮಧ್ಯಾಹ್ನ ಒರಳಿನ ಮುಂದೆ ಕೂರಿಸಿದೆ. ಬೆನ್ನ ಹಿಂದೆ ಅತ್ತೆಯನ್ನು ತಂದು ನಿಲ್ಲಿಸಿದೆ.

"ಗುಂಡನ್ನ ಎರಡೂ ಕೈಲಿ ಎತ್ತಿದ್ಲು..." ಎಂದು ನಿಲ್ಲಿಸಿದೆ. ಏಟಿನ ಸುದ್ದಿಯನ್ನೇ ಎತ್ತಲಿಲ್ಲ. "ಆಮೇಲೆ ಎರಡು ಚೊಂಬು ನೀರು ಹಾಕಿ ಒರಳು ತೊಳೆದ್ಲು. ನೀರೆಲ್ಲಾ ತೆಂಗಿನ ಬುಡಕ್ಕೆ ಹೋಯ್ತು. ಆ ವರ್ಷ ಎಳನೀರು ತುಂಬಾ ಸಿಹಿ."

ಮೂರು ಲಟ್ಟಣಿಗೆಯೂ ನಿಂತವು.

"ರಾತ್ರಿ ಊಟಕ್ಕೆ ಕೂತ ಮಾವ ಹೇಳಿದ್ರು, ಇವತ್ತು ಚಟ್ನಿ ಬಲು ಚೆನ್ನಾಗಿದೆ, ಇನ್ನೊಂಚೂರು ಹಾಕು."

ಅಲಮೇಲು ಸೆರಗು ಬಾಯಿಗೆ ತುರುಕಿಕೊಂಡರು. ನೀಲಗಂಗಮ್ಮನವರು ತಿಥಿಯ ವಿಚಾರ ಕೇಳಲಿಲ್ಲ. ಕತ್ತಿಯ ಒಡತಿ ಚೂಡಾಮಣಿಯ ಬಾಯಿ ಅರ್ಧ ತೆರೆದು ಹಾಗೇ ಉಳಿದಿತ್ತು. ಆ ಬಾಯಿಯನ್ನು ನೋಡಿ ನನಗಾದ ಆನಂದವನ್ನು ಏನೆಂದು ಹೇಳಲಿ! ಮೈಸೂರು ದಸರೆಯ ಅಂಬಾರಿಯನ್ನು ಆ ಕ್ಷಣ ನನಗೆ ಕೊಟ್ಟಿದ್ದರೂ ಬೇಡ ಅನ್ನುತ್ತಿದ್ದೆ.

"ಎರಡನೇ ಸೊಸೆ ಬಂದ್ಲು. ಒಂದು ಮಧ್ಯಾಹ್ನ, ಹೀಗೇ ಬಿಸಿಲು. ಎಲ್ಲಾರೂ ಮಲಗಿದಾರೆ. ಹಿತ್ತಿಲಲ್ಲಿ ಯಾರೂ ಇಲ್ಲ. ಆದ್ರೂ ಒರಳಿನ ಗುಂಡು ತಿರುಗ್ತಾ ಇದೆ. ಗರ... ಗರ... ಕೇಳಿ."

ಎಲ್ಲರೂ ಕಿವಿಗೊಟ್ಟರು. ಸದ್ದಿಲ್ಲ. ಆಗ ಅಲಮೇಲುವಿನ ಕೈಯಿಂದ ಲಟ್ಟಣಿಗೆ ಜಾರಿ, ಕೆಂಪು ನೆಲದ ಮೇಲೆ ಗರಗರ ಉರುಳಿ ನೀಲಗಂಗಮ್ಮನವರ ಪಾದಕ್ಕೆ ತಗುಲಿತು.

ಅವರು ಕಿರುಚಿದ್ದು ಬಸ್ ಸ್ಟ್ಯಾಂಡಿನವರೆಗೆ ಕೇಳಿಸಿತಂತೆ. ಮೊಣಕಾಲು ನೋವೆಂದು ದೇವಸ್ಥಾನದ ಪ್ರದಕ್ಷಿಣೆಯನ್ನೇ ಬಿಟ್ಟಿದ್ದ ಆ ಹಿರಿಯ ಜೀವ ಎಲ್ಲರಿಗಿಂತ ಮುಂಚೆ ಗೇಟು ದಾಟಿತು. ಒಬ್ಬೊಬ್ಬರೇ ಮನೆಗೆ ಹೋಗಲು ಧೈರ್ಯವಿಲ್ಲದೆ ಮೂವರೂ ಒಟ್ಟಾಗಿ ಎದುರಿನ ಚೂಡಾಮಣಿ ಮನೆಗೆ ನುಗ್ಗಿದರು.

ಗೆದ್ದೆ! ಖಾಲಿ ನಡುಮನೆಯಲ್ಲಿ ಎದ್ದು ನಿಂತು ನನಗೆ ನಾನೇ ನಮಸ್ಕಾರ ಮಾಡಿಕೊಂಡೆ. ಬಾಗಿದಾಗ ಕಣ್ಣಿಗೆ ಬಿದ್ದದ್ದು ಬೇಸಿನ್ನಿನ ಹಿಟ್ಟು. ಸಂಜೆಯೊಳಗೆ ಒತ್ತದಿದ್ದರೆ ಒಣಗಿ ಕಲ್ಲಾಗುತ್ತದೆ. ಇರಲಿ, ಗೆದ್ದವಳ ಕೈಗೆ ಅದೂ ಭಾರವೇ ಎಂದು ಲಟ್ಟಣಿಗೆ ಹಿಡಿದೆ.

ಗರ... ಗರ...

ಕೈ ನಿಲ್ಲಿಸಿದೆ. ಸದ್ದು ನಿಂತಿತು. ಮತ್ತೆ ಒತ್ತಿದೆ. ಗರ... ಗರ... ನಿಲ್ಲಿಸಿದರೆ ಅದೂ ನಿಲ್ಲುತ್ತದೆ! ದೆವ್ವಕ್ಕೆ ಇಷ್ಟೊಂದು ಬುದ್ಧಿಯಿರುವುದು ನನಗೆ ಗೊತ್ತಿರಲಿಲ್ಲ. (ಅದು ನನ್ನ ಲಟ್ಟಣಿಗೆಯದೇ ಸದ್ದು ಎಂದು ನೀವು ಈಗ ಹೇಳುತ್ತೀರಿ. ನಾನೂ ಈಗ ಹೇಳುತ್ತೇನೆ. ಆಗ ಹೇಳಲು ಅಲ್ಲಿ ಯಾರಿದ್ದರು?) ಹಿತ್ತಿಲ ಕಡೆ ತಿರುಗಿಯೂ ನೋಡದೆ, ಬೇಸಿನ್ನನ್ನು ಮಗುವಿನಂತೆ ಅಪ್ಪಿಕೊಂಡು, ಬಾಗಿಲು ತೆರೆದಿಟ್ಟೇ ರಸ್ತೆ ದಾಟಿದೆ.

ಅಲ್ಲಿ ನೋಡಿದರೆ ಚೂಡಾಮಣಿ ಗೋಡೆಗೆ ಒರಗಿ, ಕಾಲು ಚಾಚಿ ಕೂತಿದ್ದಾರೆ!

"ಬನ್ನಿ ಶಾಂತಮ್ಮ. ನಿಮ್ಮ ಕಥೇನೇ ಮುಂದುವರೆಸ್ತಾ ಇದ್ದೆ. ಹಿಟ್ಟು ತಂದ್ರಾ? ಒಳ್ಳೇದಾಯ್ತು, ಎಲ್ಲಾರೂ ಒತ್ತುತ್ತಾ ಕೇಳಿ."

ನನ್ನ ಕಥೆ, ನನ್ನ ಹಿಟ್ಟು! ಆದರೆ ವಾಪಸ್ಸು ಹೋಗುವ ಧೈರ್ಯ ಯಾರಿಗಿದೆ? ಮಣೆ ಎಳೆದುಕೊಂಡು ಕೂತೆ.

"ನಮ್ಮಂಥದೇ ಮನೆ ಅಂತ ಶಾಂತಮ್ಮ ಹೇಳಿದ್ರಲ್ಲ, ಅದು ಅವರ ಸಂಕೋಚ," ಎಂದರು ಚೂಡಾಮಣಿ. "ಆ ಮನೆ ಮುಂದೆ ಮಲ್ಲಿಗೆ ಚಪ್ಪರ ಇದೆ. ಗೇಟಿಗೆ ಹಸಿರು ಬಣ್ಣ. ಸತ್ತೋಳು ಒಳಗೆ ಬಂದಾಗಲೆಲ್ಲ ಆ ಗೇಟಿನ ಕೀಲು ಕಿರ್ರ್ ಅನ್ನತ್ತೆ."

ಮಲ್ಲಿಗೆ ಚಪ್ಪರ ನಮ್ಮದು. ಹಸಿರು ಗೇಟು ನಮ್ಮದು. ದೆವ್ವವನ್ನು ನಾನು ಶೀಮೆಯಿಂದ ಜಯನಗರದವರೆಗೆ ತಂದಿದ್ದೆ. ಆ ಪುಣ್ಯಾತ್ಗಿತ್ತಿ ರಸ್ತೆ ದಾಟಿಸಿ ನನ್ನ ಅಡುಗೆಮನೆಗೇ ತಂದು ಬಿಟ್ಟರು. ಕಥೆಯನ್ನು ಹೊಸದಾಗಿ ಮಾಡುವ ವಿದ್ಯೆಯನ್ನು ಅರ್ಧ ಗಂಟೆಯಲ್ಲಿ ನನ್ನಿಂದಲೇ ಕಲಿತು, ಗುರುದಕ್ಷಿಣೆ ಕೊಡುತ್ತಿದ್ದರು. ನನ್ನ ಕೈ ಗಡಗಡ ನಡುಗತೊಡಗಿತು.

ಅದೇ ಹೊತ್ತಿಗೆ ಎದುರಿನಿಂದ ಬಂತು: ಕಿರ್ರ್...

ನಾಲ್ವರೂ ಕಿರುಚಿದೆವು. ಎಲ್ಲರಿಗಿಂತ ಜೋರಾಗಿ ನಾನು. ಆಫೀಸಿನಿಂದ ಬಂದು ಗೇಟು ತೆರೆದ ನಮ್ಮ ಯಜಮಾನರು, ಕೊಡೆಯನ್ನು ಕತ್ತಿಯ ಹಾಗೆ ಹಿಡಿದು ಓಡಿಬಂದರು.

"ಏನಾಯ್ತೇ? ಬಾಗಿಲು ತೆಗೆದೇ ಇದೆ, ಮನೇಲಿ ಯಾರೂ ಇಲ್ಲ!"

"ಯಾರೂ ಇಲ್ಲ ತಾನೆ? ಸರಿಯಾಗಿ ನೋಡಿದ್ರಾ? ಹಿತ್ತಿಲಲ್ಲಿ?"

ಈ ಗದ್ದಲದ ನಡುವೆ ನೀಲಗಂಗಮ್ಮನವರು ನನ್ನ ಮಣೆಯಿಂದ ಒಂದು ಹಪ್ಪಳ ಎತ್ತಿ ಬೆಳಕಿಗೆ ಹಿಡಿದರು. ಎಲ್ಲರೂ ನೋಡಿದೆವು. ದುಂಡಗಿತ್ತು! ಹುಣ್ಣಿಮೆ ಚಂದ್ರನ ಹಾಗೆ, ಒಂದೇ ಸಮ ತೆಳ್ಳಗೆ. ನಡುಗುವ ಕೈ ಎಲ್ಲ ಕಡೆಗೂ ಒಂದೇ ಪ್ರಮಾಣದಲ್ಲಿ ನಡುಗಿತ್ತು. ನನ್ನ ಕಣ್ಣಲ್ಲಿ ನೀರೇ ಬಂತು.

"ತೀರ್ಪು ಕೇಳಿ," ಎಂದರು ಹಿರಿಯರು. "ಭಯ ಹುಟ್ಸೋದ್ರಲ್ಲಿ ಶಾಂತಾನೇ ಗೆದ್ದಳು, ಅನುಮಾನವೇ ಇಲ್ಲ. ಆದ್ರೆ ಇಂಥಾ ಕೈನ ಗೋಡೆಗೆ ಒರಗಿಸಿ ಕೂರ್ಸೋದು ಪಾಪ."

ಹೀಗೆ ನಾನು ಗೆದ್ದೆ. ಇಂದಿಗೂ ನಮ್ಮ ಬ್ಲಾಕಿನಲ್ಲಿ ದುಂಡು ಹಪ್ಪಳವೆಂದರೆ ಶಾಂತಮ್ಮನದೇ. ಕಥೆ ಚೂಡಾಮಣಿ ಹೇಳುತ್ತಾರೆ, ಕಾಲು ಚಾಚಿಕೊಂಡು. ನನ್ನ ಕೈ ಸ್ವಲ್ಪ ಸ್ಥಿಮಿತಕ್ಕೆ ಬಂದು ಹಪ್ಪಳ ಒಂದು ಚೂರು ಬೀದರಿನ ಕಡೆಗೆ ವಾಲಿದರೂ ಸಾಕು, ನೀಲಗಂಗಮ್ಮನವರು ಕನ್ನಡಕ ಸರಿಮಾಡಿಕೊಂಡು ಅನ್ನುತ್ತಾರೆ: "ಚೂಡಾಮಣೀ, ಆ ಗೇಟಿನ ಭಾಗ ಇನ್ನೊಂದ್ಸಲ ಹೇಳಮ್ಮ."