ಕಪಾಟಿನ ಬಾಗಿಲಿಗೆ ಬಿದ್ದ ಮುತ್ತಿಗೆ

ಕೆಲವರಿಗೆ ಇಂಗ್ಲಿಷ್ ಶಾಲೆಯಲ್ಲಿ ಬರುತ್ತದೆ, ಕೆಲವರಿಗೆ ನೌಕರಿಯಲ್ಲಿ ಬರುತ್ತದೆ. ನನಗೆ ಅದು ಅರವತ್ತು ದಾಟಿದ ಮೇಲೆ ಅಡುಗೆಮನೆಯ ಕಪಾಟಿನ ಬಾಗಿಲ ಮೇಲೆ ಬಂತು. ಅದೂ ವಾರಕ್ಕೆ ಒಂದೇ ಶಬ್ದ. ಸುರಪುರದ ಒಂದು ಸರಕಾರಿ ಕಚೇರಿಯಲ್ಲಿ ಮೂವತ್ತು ವರ್ಷ ಜವಾನನಾಗಿ ಫೈಲು ಹೊತ್ತವನು ನಾನು. ಫೈಲಿನೊಳಗೆ ಏನಿದೆ ಎಂದು ಓದಬೇಕಾದ ಕಷ್ಟ ನನಗೆ ಒಮ್ಮೆಯೂ ಬರಲಿಲ್ಲ. ಆ ಕಷ್ಟವನ್ನು ನನ್ನ ಹೆಂಡತಿ ಗಂಗಮ್ಮ ನಿವೃತ್ತಿಯ ನಂತರಕ್ಕೆ ಎತ್ತಿಟ್ಟಿದ್ದಳು.

ಗಂಗಮ್ಮ ಓದಿದ್ದು ಏಳನೆಯ ತರಗತಿ. ಶಹಾಪುರದಲ್ಲಿ ರದ್ದಿ ಅಂಗಡಿಯವನು ತೂಕಕ್ಕೆ ಹಾಕಿದ್ದ ಒಂದು ಹಳೆಯ ಇಂಗ್ಲಿಷ್-ಕನ್ನಡ ನಿಘಂಟನ್ನು ಅವಳು ಎತ್ತಿಕೊಂಡು ಬಂದ ದಿನದಿಂದ ನಮ್ಮ ಮನೆಯ ಕಾನೂನು ಬದಲಾಯಿತು. ಭಾನುವಾರ ಬೆಳಿಗ್ಗೆ ಕಪಾಟಿನ ಹಸಿರು ಬಾಗಿಲ ಮೇಲೆ ಸೀಮೆಸುಣ್ಣದಲ್ಲಿ ಒಂದು ಶಬ್ದ, ಕೆಳಗೆ ಅದರ ಅರ್ಥಗಳು. ಎಷ್ಟು ಅರ್ಥವಿವೆಯೋ ಅಷ್ಟು ವಾಕ್ಯವನ್ನು ಅವಳೂ ಹೇಳಬೇಕು, ನಾನೂ ಹೇಳಬೇಕು. ವಾಕ್ಯ ಕನ್ನಡದಲ್ಲಿದ್ದರೆ ನಡೆಯುತ್ತದೆ, ಆ ಒಂದು ಶಬ್ದ ಮಾತ್ರ ಇಂಗ್ಲಿಷ್ ಆಗಿರಬೇಕು. ಆದರೆ ಹೇಳಿದ್ದು ಆ ವಾರ ನಿಜವಾಗಿ ನಡೆದಿರಬೇಕು. "ವಾಕ್ಯದಾಗ ಸುಳ್ಳು ಇರಬಾರ್ದು" ಎನ್ನುವುದು ಅವಳ ಷರತ್ತು. ಇಬ್ಬರೂ ಮುಗಿಸಿದ ಮೇಲೆಯೇ ಬಾಗಿಲು ಒರೆಸುವುದು. ನಾನು ತಡ ಮಾಡಿದರೆ ರೊಟ್ಟಿಯ ಜೊತೆ ಶೇಂಗಾ ಹಿಂಡಿ ಬರುತ್ತಿರಲಿಲ್ಲ. ನಮಗೆ ಮಕ್ಕಳಿಲ್ಲ, ಹೀಗಾಗಿ ಆ ಶಾಲೆಯಲ್ಲಿ ಮೊದಲ ಬೆಂಚಿನವನೂ ನಾನೇ, ಕೊನೆಯ ಬೆಂಚಿನವನೂ ನಾನೇ.

ಎ ಅಕ್ಷರ ಮುಗಿಯಲು ಒಂದು ವರ್ಷ ಹಿಡಿಯಿತು. ಬಿ ಅಕ್ಷರದಲ್ಲಿ ನಡುಹಾದಿಗೆ ಬಂದಾಗ ಬಾಗಿಲ ಮೇಲೆ ಬಿದ್ದದ್ದು "ಬಿಸೀಜ್". ಅರ್ಥ ಮೂರು. ದಂಡು ಕಟ್ಟಿಕೊಂಡು ಕೋಟೆಗೆ ಮುತ್ತಿಗೆ ಹಾಕುವುದು ಒಂದು, ಜನ ಗುಂಪಾಗಿ ಮುತ್ತಿಕೊಳ್ಳುವುದು ಎರಡು, ಪ್ರಶ್ನೆ ಕೇಳಿ ಕೇಳಿ ಒಬ್ಬನ ಜೀವ ತಿನ್ನುವುದು ಮೂರು.

ಮುತ್ತಿಗೆ ನನಗೆ ಹೊಸದಲ್ಲ. ನಮ್ಮ ಕಚೇರಿಗೆ ವರ್ಷಕ್ಕೆ ಎರಡು ಬಾರಿಯಾದರೂ ಯಾರಾದರೂ ಮುತ್ತಿಗೆ ಹಾಕುತ್ತಿದ್ದರು. ಅರ್ಧ ತಾಸು ಧಿಕ್ಕಾರ ಕೂಗಿದ ಮೇಲೆ ಅವರಿಗೆ ಬಾಯಾರಿಕೆಯಾಗುತ್ತಿತ್ತು, ಒಳಗಿನಿಂದ ಕೊಡದಲ್ಲಿ ನೀರು ತಂದು ಕೊಡುವವನು ನಾನು. ಮುತ್ತಿಗೆ ಎಂದರೆ ಹೊರಗಿನವರಿಗೆ ಒಳಗಿನವರು ನೀರು ಕೊಡುವುದು ಎಂದೇ ನಾನು ಬಹಳ ದಿನ ತಿಳಿದಿದ್ದೆ. ಇದನ್ನು ಹೇಳಿದಾಗ ಗಂಗಮ್ಮ, "ಅದು ಆ ವರ್ಷದ್ದು ಆತು. ಈ ವಾರದ್ದು ಹೇಳ್ರಿ" ಎಂದಳು.

ಸೋಮವಾರ ಬೆಲ್ಲದ ಡಬ್ಬಿಯನ್ನು ಇರುವೆಯ ದಂಡು ಬಿಸೀಜ್ ಮಾಡಿತು. ಇರುವೆಯನ್ನು ದಂಡಿಗೆ ಸೇರಿಸಬಹುದೇ ಎಂದು ಅವಳು ಸ್ವಲ್ಪ ಯೋಚಿಸಿ, ಸಾಲು ಹಿಡಿದು ಬಂದದ್ದರಿಂದ ಪಾಸು ಮಾಡಿದಳು. ಮಂಗಳವಾರ ಯಾದಗಿರಿ ಬಸ್ಸನ್ನು ಜನ ಬಿಸೀಜ್ ಮಾಡಿದರು, ಕಿಟಕಿಯಿಂದ ಟವೆಲು ಎಸೆದು ಸೀಟು ಹಿಡಿದದ್ದಕ್ಕೆ ನಾನೇ ಸಾಕ್ಷಿ. ಅವಳು ತನ್ನ ಮೂರನ್ನೂ ಬುಧವಾರವೇ ಮುಗಿಸಿ ನನ್ನತ್ತ ನೋಡಿ ನಕ್ಕಳು. ನನ್ನದು ಒಂದು ಉಳಿದಿತ್ತು. "ಇನ್ನೂ ಮೂರು ದಿನ ಐತಿ, ಅವಸರ ಏನೈತಿ" ಎಂದೆ.

ಗುರುವಾರ ಬೆಳಿಗ್ಗೆ ಜೋಳ ಹಸನು ಮಾಡುತ್ತಾ ಕುಳಿತವಳು ಹಾಗೆಯೇ ಗೋಡೆಗೆ ಒರಗಿದಳು. ಮೊರ ತೊಡೆಯ ಮೇಲೆಯೇ ಇತ್ತು.

ಆಮೇಲೆ ಬಂದವರೆಲ್ಲ ಮಾತಾಡಿಸಲು ಬಂದವರು. ನಮ್ಮ ಕಡೆ ಸಾವಾದ ಮನೆಗೆ ಹೋಗುವುದಕ್ಕೆ ಮಾತಾಡಿಸುವುದು ಎನ್ನುತ್ತಾರೆ. ಆ ಮನೆಯಲ್ಲಿ ಅಡುಗೆಗೆ ಒಲೆ ಹಚ್ಚುವುದಿಲ್ಲ ಎಂದು ಬಂದವರ ಕೈಯಲ್ಲಿ ಖಡಕ್ ರೊಟ್ಟಿಯ ಗಂಟು ಇರುತ್ತದೆ. ವಾರದೊಳಗೆ ನನ್ನ ಅಡುಗೆಮನೆಯಲ್ಲಿ ರೊಟ್ಟಿ ಸೊಂಟದೆತ್ತರಕ್ಕೆ ಏರಿ, ವನದುರ್ಗದ ಕೋಟೆಗೋಡೆಗೆ ಅಲ್ಲಲ್ಲಿ ಇದರಿಂದಲೇ ರಿಪೇರಿ ಮಾಡಬಹುದು ಅನ್ನಿಸಿತು. ಯಾರು ಬಂದರೂ ಪ್ರಶ್ನೆಗಳು ಮಾತ್ರ ಅವೇ. "ಹೆಂಗಾತ್ರಿ? ಯಾವಾಗ ಆತ್ರಿ? ದವಾಖಾನಿಗೆ ಒಯ್ಯಾಕ ಆಗಲಿಲ್ಲೇನ್ರಿ?" ನಾನು ಜೋಳದಿಂದ ಶುರು ಮಾಡಿ ಮೊರದವರೆಗೆ ಹೇಳುತ್ತಿದ್ದೆ. ಮುಗಿಸುವಷ್ಟರಲ್ಲಿ ಇನ್ನೊಂದು ಟಂಟಂ ಆಟೋ ಬಾಗಿಲಿಗೆ ಬಂದು ನಿಲ್ಲುತ್ತಿತ್ತು, ಮತ್ತೆ ಜೋಳ. ಇನ್ನೊಂದು ಪೇಚೆಂದರೆ, ಸಾವಿನ ಮನೆಯಿಂದ ಹೊರಡುವಾಗ ಯಾರೂ ಹೋಗಿ ಬರ್ತೀವಿ ಎನ್ನುವಂತಿಲ್ಲ, ಸುಮ್ಮನೆ ಎದ್ದು ಹೋಗಬೇಕು. ಹೀಗಾಗಿ ಯಾರು ಇದ್ದಾರೆ, ಯಾರು ಹೋದರು ಎಂಬುದು ನನಗೆ ತಿಳಿಯುತ್ತಲೇ ಇರಲಿಲ್ಲ. ಐದು ಕಪ್ ಚಹಾ ತಂದು ನೋಡಿದರೆ ಜಮಖಾನೆಯ ಮೇಲೆ ಒಬ್ಬರೂ ಇಲ್ಲ. ಐದನ್ನೂ ನಾನೇ ಕುಡಿದ ದಿನಗಳುಂಟು.

ಒಂದು ಸಂಜೆ ಕಪಾಟಿನ ಮುಂದೆ ನಿಂತು, "ಮಾತಾಡಿಸಾಕ ಬಂದವರು ನನ್ನ ಬಿಸೀಜ್ ಮಾಡ್ಯಾರ" ಎಂದೆ. ಮೂರನೆಯ ಅರ್ಥವೇ, ಅದೇ ವಾರ ನಡೆದದ್ದೇ. ಒದ್ದೆ ಬಟ್ಟೆಯನ್ನೂ ಕೈಗೆ ತೆಗೆದುಕೊಂಡೆ. ಆದರೆ ಗಂಗಮ್ಮ ಇದನ್ನು ಪಾಸು ಮಾಡುತ್ತಿದ್ದಳೇ ಎಂದು ಅನುಮಾನವಾಯಿತು. ಯಾಕೆಂದರೆ ನಾಲ್ಕು ಗಂಟೆಯಾದರೆ ಕುರ್ಚಿ ತಂದು ಬಾಗಿಲ ಹೊರಗೆ ಹಾಕಿಕೊಂಡು ರಸ್ತೆ ನೋಡುತ್ತಾ ಕೂರುತ್ತಿದ್ದವನು ನಾನೇ. ದಂಡು ಬರುವ ದಾರಿ ಕಾಯುವ ಕೋಟೆಯನ್ನು ಯಾರೂ ನಂಬುವುದಿಲ್ಲ. ಬಟ್ಟೆಯನ್ನು ಹಿಂಡಿ ಹಗ್ಗಕ್ಕೆ ಹಾಕಿದೆ. ನಿಜ ಹೇಳಬೇಕೆಂದರೆ ಒರೆಸದೆ ಇರಲು ಒಂದು ನೆಪ ಸಿಕ್ಕಿದ್ದಕ್ಕೆ ಸಮಾಧಾನವೇ ಆಯಿತು. ಬಾಗಿಲ ಮೇಲಿನದು ಅವಳ ಕೈಬರಹ. ಅವಳ ಬಿ ಅಕ್ಷರಕ್ಕೆ ಹೊಟ್ಟೆ ಸ್ವಲ್ಪ ದೊಡ್ಡದು.

ತಿಂಗಳ ಪೂಜೆ ಹತ್ತಿರ ಬಂದಾಗ ಸೈದಾಪುರದಿಂದ ನನ್ನ ತಂಗಿ ಶರಣಮ್ಮ ಬಂದಳು. ಅವಳು ಎರಡು ಬಕೆಟ್ ನೀರು, ನಾಲ್ಕು ಹಳೆಯ ಸೀರೆಯ ತುಂಡು ಹಿಡಿದು ಮನೆ ತೊಳೆಯಲು ನಿಂತರೆ ಮನೆಯ ದೇವರೂ ಕಾಲು ಮೇಲೆತ್ತಿಕೊಳ್ಳಬೇಕು. ಪಡಸಾಲೆ ಮುಗಿಸಿ ಅಡುಗೆಮನೆಗೆ ಬಂದಳು. ನಾನು ಮೊದಲೇ ಹೋಗಿ ಕಪಾಟಿಗೆ ಬೆನ್ನು ಹಚ್ಚಿ ನಿಂತಿದ್ದೆ.

"ಅತ್ತಾಗ ಸರಿ ಅಣ್ಣ, ಬಾಗಿಲಾ ಒರಸಬೇಕು."

"ಅದು ಸ್ವಚ್ಛ ಐತಿ."

"ಸುಣ್ಣ ಹಚ್ಚಿದಂಗ ಐತಿ. ಸ್ವಚ್ಛ ಅಂತೀಯಲ್ಲ, ಚಷ್ಮಾ ಎಲ್ಲಿಟ್ಟಿ?"

"ಇರಲಿ ಬಿಡು ಶರಣಮ್ಮ."

"ಯಾಕ ಇರಲಿ? ನಾಳಿ ಪೂಜಿಗೆ ಬಂದವರು ನನಗ ಅಂತಾರ, ತಂಗಿ ಬಂದು ಬರೇ ಚಹಾ ಕುಡದು ಹೋದಳು ಅಂತ. ಬೆಳಗಿಂದ ನೋಡಾಕತ್ತೇನಿ, ಆ ಕಪಾಟು ಬಿಟ್ಟು ಸರದಿಲ್ಲ. ಒಳಗ ಏನು ಮುಚ್ಚಿಟ್ಟೀ?"

ಬೇರೆ ದಾರಿ ಕಾಣದೆ ಎಲ್ಲವನ್ನೂ ಹೇಳಿದೆ. ಭಾನುವಾರ, ಮೂರು ಅರ್ಥ, ಇರುವೆ, ಬಸ್ಸು, ನನ್ನ ಪಾಲಿನ ಒಂದು ಬಾಕಿ. ಶರಣಮ್ಮನಿಗೆ ಇಂಗ್ಲಿಷ್ ಓದಲು ಬರುವುದಿಲ್ಲ. ಬಾಗಿಲನ್ನು ಬಹಳ ಹೊತ್ತು ನೋಡಿದಳು. ಆಮೇಲೆ ಮೂಗು ಒರೆಸಿಕೊಂಡು, "ಬಾಳ ಶ್ಯಾಣ್ಯಾಕಿ ಇದ್ದಳು ನಮ್ಮ ವೈನಿ. ನಿನ್ನ ಕಟಗೊಂಡು ಅಭ್ಯಾಸ ಮಾಡ್ಯಾಳಂದ್ರ ಆಕಿಗೆ ಎಷ್ಟು ಸಬೂರಿ ಇರಬೇಕು" ಎಂದಳು. ಅಡುಗೆಮನೆಯನ್ನೆಲ್ಲ ಉಜ್ಜಿ ತೊಳೆದು, ಆ ಬಾಗಿಲೊಂದನ್ನು ಬಿಟ್ಟಳು. ಹೊರಡುವ ದಿನ ಮಾತ್ರ, "ಲಗೂನ ಒಂದು ವಾಕ್ಯ ಹೇಳಿ ಮುಗಸು. ಮುಂದಿನ ಸಲ ಬಂದರ ಬಿಡಂಗಿಲ್ಲ" ಎಂದು ಎಚ್ಚರಿಸಿ ಹೋದಳು.

ಅವಳು ಹೋದ ಮೇಲೆ ಮಾತಾಡಿಸುವವರು ಬರುವುದು ನಿಂತಿತು. ನಾಲ್ಕು ಗಂಟೆಗೆ ಕುರ್ಚಿ ಹಾಕಿದರೆ ರಸ್ತೆ ನನ್ನನ್ನು ನೋಡುತ್ತಿತ್ತು, ನಾನು ರಸ್ತೆಯನ್ನು. ಅಷ್ಟರಲ್ಲಿ ಶಹಾಪುರದಿಂದ ಸುದ್ದಿ ಬಂತು. ನನ್ನ ಜೊತೆ ಕಚೇರಿಯಲ್ಲಿದ್ದ ಬಸಣ್ಣನ ಅಣ್ಣ ತೀರಿಕೊಂಡಿದ್ದ. ಮನೆಯಲ್ಲಿ ಉಳಿದಿದ್ದ ರೊಟ್ಟಿಯಲ್ಲಿ ಚೆನ್ನಾಗಿದ್ದವನ್ನು ಆರಿಸಿ ಗಂಟು ಕಟ್ಟಿಕೊಂಡು ಮೊದಲ ಬಸ್ಸಿಗೇ ಹೊರಟೆ.

ಬಸಣ್ಣ ಜಮಖಾನೆಯ ಮೇಲೆ ಕೂತಿದ್ದ. ನಾನು ಪಕ್ಕದಲ್ಲಿ ಕೂತು, "ಹೆಂಗಾತು ಬಸಣ್ಣ?" ಎಂದೆ. ಹೇಳಿದ. "ಯಾವಾಗ ಆತು?" ಅದನ್ನೂ ಹೇಳಿದ. "ದವಾಖಾನಿಗೆ ಒಯ್ಯಾಕ ಆಗಲಿಲ್ಲೇನು?" ಒಯ್ದಿದ್ದನಂತೆ. ಯಾವ ದವಾಖಾನೆ, ಎಷ್ಟು ದಿನ, ಕೊನೆಗೆ ಏನು ಮಾತಾಡಿದ, ನೀರು ಕೇಳಿದನೇ, ಒಂದನ್ನೂ ಬಿಡಲಿಲ್ಲ. ಅವನು ಮುಗಿಸಿದ ಮೇಲೆ ಜೋಳದಿಂದ ಹಿಡಿದು ಮೊರದವರೆಗೆ ನನ್ನದನ್ನೂ ಹೇಳಿದೆ. ಮೂರು ಚಹಾ ಆದವು. ಬಸಣ್ಣನ ಹೆಂಡತಿ ಎರಡು ಸಲ ಬಾಗಿಲ ತನಕ ಬಂದು ಇಣುಕಿ ಹೋದಳು. ನಾಲ್ಕನೆಯ ಚಹಾ ಹಿಡಿದು ಬಂದ ಬಸಣ್ಣ, "ಸುರಪುರಕ್ಕ ಕಡೀ ಬಸ್ಸು ಎಷ್ಟಕ್ಕೈತಿ ಮಾರಾಯ?" ಎಂದು ಬಹಳ ಮೆತ್ತಗೆ ಕೇಳಿದ.

ಆಗ ನನಗೆ ಹೊಳೆಯಿತು. ಹೋಗಿ ಬರ್ತೀನಿ ಎನ್ನದೆ, ಪದ್ಧತಿಯಂತೆ ಸುಮ್ಮನೆ ಎದ್ದು ಬಂದೆ. ಹಿಂದಿನಿಂದ ಬಾಗಿಲಿಗೆ ಚಿಲಕ ಹಾಕಿದ ಸದ್ದು ಸ್ವಲ್ಪ ಬೇಗನೇ ಕೇಳಿಸಿತು.

ಮನೆಗೆ ಬಂದವನೇ ಕಪಾಟಿನ ಮುಂದೆ ನಿಂತು, "ನಾನು ಬಸಣ್ಣನ್ನ ಬಿಸೀಜ್ ಮಾಡಿದೆ" ಎಂದೆ. ಇದರಲ್ಲಿ ಒಂದಕ್ಷರವೂ ಸುಳ್ಳಿರಲಿಲ್ಲ. ಗಂಗಮ್ಮ ಇದ್ದಿದ್ದರೆ ಪಾಸು ಮಾಡಿ, ಬಸಣ್ಣನಿಗೆ ಹಿಂಡಿಯ ಡಬ್ಬಿಯನ್ನೂ ಕಳಿಸುತ್ತಿದ್ದಳು. ಬಟ್ಟೆ ಒದ್ದೆ ಮಾಡಿ ಒರೆಸಿದೆ. ಹೊಟ್ಟೆಯ ಬಿ ಕೊನೆಗೆ ಹೋಯಿತು.

ಮುಂದಿನ ಶಬ್ದಗಳಿಗೆ ಅವಳು ನಿಘಂಟಿನಲ್ಲಿ ಮೊದಲೇ ಪೆನ್ಸಿಲಿನ ಗುರುತು ಹಾಕಿಟ್ಟಿದ್ದಳು. ಚಷ್ಮಾ ಹಾಕಿಕೊಂಡು ಹುಡುಕಿದೆ. ಅದೇ ಪುಟದಲ್ಲಿ, ಸ್ವಲ್ಪ ಕೆಳಗೆ, "ಬೀಸಮ್" ಎಂದಿತ್ತು. ಅರ್ಥ, ಕಸಬರಿಗೆ. ಬಾಗಿಲ ಮೇಲೆ ನನ್ನ ಸೊಟ್ಟ ಅಕ್ಷರದಲ್ಲಿ ಬರೆದು ತಿರುಗಿ ನೋಡಿದರೆ, ಶರಣಮ್ಮ ಹೋದಂದಿನಿಂದ ಮನೆಯಲ್ಲಿ ಕಸ ಹಾಗೇ ಬಿದ್ದಿತ್ತು. ವಾಕ್ಯ ಈ ವಾರ ನಿಜವಾಗಿ ನಡೆದದ್ದಾಗಿರಬೇಕು. ಸೊಂಟ ಹಿಡಿದುಕೊಂಡು ಕಸಬರಿಗೆ ಹುಡುಕಲು ಹೋದೆ, ಅದನ್ನು ಗಂಗಮ್ಮ ಎಲ್ಲಿಡುತ್ತಿದ್ದಳೆಂದು ಮೂವತ್ತೈದು ವರ್ಷದ ಸಂಸಾರದಲ್ಲಿ ನಾನು ಒಮ್ಮೆಯೂ ಕೇಳಿರಲಿಲ್ಲ.