ದುಬೈಯಿಂದ ಡಬ್ಲಿನ್‌ಗೆ ಐದು ಗಂಟೆ

‘ಗೊತ್ತಿಲ್ಲ’ ಎನ್ನುವುದು ಮೇಷ್ಟ್ರುಗಳ ಬಾಯಿಗೆ ಸುಲಭವಾಗಿ ಬರುವ ಮಾತಲ್ಲ. ನಿವೃತ್ತರಾದ ಮೇಲಂತೂ ಇನ್ನೂ ಕಷ್ಟ. ಏನನ್ನಾದರೂ ಕೇಳುವವರೇ ಅಪರೂಪವಾಗಿರುತ್ತಾರೆ. ಮೂವತ್ತೊಂದು ವರ್ಷ ಭೂಗೋಳ ಕಲಿಸಿದ ನಾನು ಮುಂಬಯಿಯಿಂದಾಚೆ ಹಾರಿದವನಲ್ಲ. ಆದರೂ ಶಕ್ತಿನಗರದ ನಮ್ಮ ಓಣಿಯಲ್ಲಿ ಯಾರು ವಿಮಾನ ಹತ್ತುವುದಿದ್ದರೂ ಸಲಹೆ ಕೊಡಲು ಗೇಟಿನ ಬಳಿ ಸಿದ್ಧನಾಗಿ ನಿಂತಿರುತ್ತೇನೆ.

ಪಕ್ಕದ ಮನೆಯ ಲಿಲ್ಲಿಬಾಯಿ, ಡಬ್ಲಿನ್‌ನಲ್ಲಿ ನರ್ಸಾಗಿರುವ ಮಗಳು ಐರಿನ್‌ಳ ಬಾಣಂತನಕ್ಕೆ ಹೊರಟಿದ್ದರು. ಜೀವಮಾನದಲ್ಲಿ ಮೊದಲ ವಿಮಾನ. ಹಿಂದಿನ ದಿನ ಟಿಕೆಟ್ ಹಿಡಿದುಕೊಂಡು ನಮ್ಮಲ್ಲಿಗೆ ಬಂದರು. “ಮಾಷ್ಟ್ರೇ, ದುಬೈ ಬಿಟ್ಟ ಮೇಲೆ ಎಷ್ಟು ಹೊತ್ತು ಉಂಟು? ನನಗೆ ಹೆದರಿಕೆ. ವಾಚ್ ನೋಡಿಕೊಂಡು ಕೂತ್ಕೊಳ್ತೇನೆ.”

ಬೆಳಿಗ್ಗೆ ಏಳೂವರೆಗೆ ಹೊರಟು ಮಧ್ಯಾಹ್ನ ಹನ್ನೆರಡೂವರೆಗೆ ತಲುಪುವುದು ಎಂದು ಟಿಕೆಟಿನಲ್ಲಿತ್ತು. ನಾನು ಕಳೆದು, ಐದು ಗಂಟೆ ಎಂದೆ. ಅಷ್ಟಕ್ಕೆ ಸುಮ್ಮನಿರದೆ ಅಟ್ಲಾಸ್ ತಂದು, ನೂಲು ಹಿಡಿದು ಅಳೆದು, ಸುಮಾರು ಆರು ಸಾವಿರ ಕಿಲೋಮೀಟರ್ ಎಂದು ತೋರಿಸಿದೆ. ಹಾಗಾದರೆ ವಿಮಾನ ಗಂಟೆಗೆ ಸಾವಿರದ ಇನ್ನೂರು ಕಿಲೋಮೀಟರ್ ಓಡಬೇಕಲ್ಲ ಎಂಬುದು ಹೊಳೆಯಲೇ ಇಲ್ಲ. ಟಿಕೆಟಿನಲ್ಲಿದ್ದದ್ದು ಆಯಾ ಊರಿನ ಸಮಯ. ಎರಡು ಊರಿನ ಗಡಿಯಾರ ಬೇರೆ, ಒಂದು ರೇಖಾಂಶಕ್ಕೆ ನಾಲ್ಕು ನಿಮಿಷ ಎಂದು ಎಷ್ಟು ಮಕ್ಕಳ ಕಿವಿ ಹಿಂಡಿದ್ದೆನೋ!

ಮುಂದೆ ಆದದ್ದನ್ನು ಲಿಲ್ಲಿಬಾಯಿಯೇ ಫೋನಿನಲ್ಲಿ ಹೇಳಿದರು. ದುಬೈ ಬಿಟ್ಟು ಐದು ಗಂಟೆ ಕಳೆಯಿತು. ಕೆಳಗೆ ಬರೀ ಮೋಡ. ಐದೂವರೆ ಗಂಟೆಯಾದಾಗ ಅವರು ಗುಂಡಿ ಒತ್ತಿ ಗಗನಸಖಿಯನ್ನು ಕರೆದರು. ಇನ್ನೂ ಎರಡೂವರೆ ಗಂಟೆ ಇದೆ ಎಂದು ಆಕೆ ನಕ್ಕಳಂತೆ. ಇವರು ನಂಬಲಿಲ್ಲ. ಮೂವತ್ತೊಂದು ವರ್ಷ ಭೂಗೋಳ ಕಲಿಸಿದವರು ಐದೇ ಗಂಟೆ ಎಂದಿದ್ದಾರೆ, ವಿಮಾನಕ್ಕೆ ದಾರಿ ತಪ್ಪಿದೆ ಎಂದು ಜಪಮಾಲೆ ತೆಗೆದು ಗಟ್ಟಿಯಾಗಿ ಪ್ರಾರ್ಥಿಸತೊಡಗಿದರು. ಪಕ್ಕದಲ್ಲಿದ್ದ ಇಬ್ಬರು ಮಲಯಾಳಿ ಹೆಂಗಸರೂ ಹೆದರಿ ಸೇರಿಕೊಂಡರಂತೆ. ಇಳಿಯುವವರೆಗೆ ಒಂದು ತುತ್ತು ತಿನ್ನಲಿಲ್ಲ ಎಂದರು.

ನಾನು ಬೈಗುಳಕ್ಕೆ ತಲೆತಗ್ಗಿಸಿ ಕಾದೆ. ಅವರು ದನಿ ತಗ್ಗಿಸಿ, “ನಿಮ್ಮದು ತಪ್ಪಲ್ಲ ಮಾಷ್ಟ್ರೇ, ಆ ಪೈಲಟ್‌ಗೇ ದಾರಿ ಗೊತ್ತಿಲ್ಲ” ಎಂದರು. ಬೈದಿದ್ದರೇ ಚೆನ್ನಾಗಿತ್ತು. ನಿಜ ಹೇಳಲು ಬಾಯಿ ತೆರೆದೆ, ಬಂದದ್ದು ಕೆಮ್ಮು. ನನ್ನ ಹೆಂಡತಿ ಎದುರಿಗೆ ಕೂತು ಬಸಳೆ ಸೋಸುತ್ತಾ ನನ್ನನ್ನೇ ನೋಡುತ್ತಿದ್ದಳು.

ಅಷ್ಟರಲ್ಲಿ ಫೋನು ಐರಿನ್‌ಳ ಕೈಗೆ ಹೋಯಿತು. ಅವಳು ಬೇರೆ ಕೋಣೆಗೆ ಹೋದದ್ದು ಬಾಗಿಲ ಸದ್ದಿನಲ್ಲೇ ತಿಳಿಯಿತು. “ಸರ್, ಒಂಬತ್ತನೇ ಕ್ಲಾಸಿನಲ್ಲಿ ರೇಖಾಂಶದ ಪಾಠ ನನಗೆ ಮಾಡಿದ್ದು ನೀವೇ” ಎಂದಳು. “ಅಮ್ಮನಿಗೆ ನಾನು ಎಂತದೂ ಹೇಳಲಿಲ್ಲ” ಎಂದೂ ಸೇರಿಸಿದಳು.

ಮೊನ್ನೆ ಲಿಲ್ಲಿಬಾಯಿ ಮತ್ತೆ ಕೇಳಿದರು, ವಾಪಸು ಬರಲು ಎಷ್ಟು ಹೊತ್ತು ಎಂದು. ಮೊದಲ ಸಲ ತಪ್ಪು ನನ್ನದೇ ಎಂದು ಹೇಳಿಬಿಟ್ಟೆ. ನನ್ನ ದೊಡ್ಡ ಮನಸ್ಸನ್ನು ಅವರು ಬಹಳ ಹೊಗಳಿದರು. ಪೈಲಟನನ್ನು ಕಾಪಾಡಲು ಸುಳ್ಳು ಹೇಳುತ್ತಿದ್ದೇನಂತೆ. ಮತ್ತೆ ಕೂತು ರೇಖಾಂಶ ಎಣಿಸಿ, ಮೂರು ಸಲ ಲೆಕ್ಕ ಹಾಕಿ, ಆ ಹಾಳೆಯ ಫೋಟೊವನ್ನು ಗುಟ್ಟಾಗಿ ಐರಿನ್‌ಳಿಗೆ ಕಳಿಸಿದೆ. ಅವಳು ಅದರ ಮೇಲೆ ಕೆಂಪು ಬಣ್ಣದಲ್ಲಿ ಸರಿ ಗುರುತು ಹಾಕಿ ತಿರುಗಿ ಕಳಿಸಿದಳು. ಸಂತೋಷದಿಂದ ಹೆಂಡತಿಗೆ ತೋರಿಸಲು ಹೋದವನು, ಅರ್ಧ ದಾರಿಯಲ್ಲಿ ನಾಚಿ ಹಿಂದೆ ಬಂದೆ.